ಸಾಲ್ವಿಯಾ ಸಾಲು ಸರಿಮಾಡಿದ ಚನ್ನಂಜಯ್ಯ

ಟೈಲರ್ ಚನ್ನಂಜಯ್ಯನ ಮನೆಯಲ್ಲಿ ಗೆದ್ದು ತಂದ ಕಪ್ ಒಂದೂ ಇರಲಿಲ್ಲ. ಪಕ್ಕದ ಮನೆಯ ವಿಶಾಲಾಕ್ಷಿ ಟೀಚರ ಶೋಕೇಸಿನಲ್ಲಿ ಮೂರಿದ್ದವು.

ಕೇಳಿರಿ, ಕಲಿಯುಗದ ಸಭಾಸದರೇ. ದಸರೆಗೆ ಮುನ್ನ ಬಡಾವಣೆಯ ಸಂಘವು ಮನೆತೋಟದ ಸ್ಪರ್ಧೆಯೆಂಬ ಮಹಾಯಾಗವನ್ನು ಸಾರುವ, ಅದಕ್ಕಾಗಿ ನೆರೆಹೊರೆಯವರು ವರ್ಷವಿಡೀ ಒಬ್ಬರ ಗೊಬ್ಬರವನ್ನೊಬ್ಬರು ಮೂಸುವ ಪುಣ್ಯಕಾಲದಲ್ಲಿ, ಹೊಲಿಗೆಯಂತ್ರವೆಂಬ ಲೋಹಾಶ್ವವನ್ನು ಮೂವತ್ತೆಂಟು ವರ್ಷ ತುಳಿದೂ ಒಂದು ಗಜ ಮುಂದೆ ಹೋಗದವನೂ, ಕತ್ತರಿಪಾಣಿಯೂ, ಟೇಪುಕಂಠಾಭರಣನೂ, ಅಸಂಖ್ಯಸಫಾರಿಸೂಟುನಿರ್ಮಾತೃವೂ ಆದ ಚನ್ನಂಜಯ್ಯನು ಆಷಾಢದಲ್ಲಿ ಸಾಲ್ವಿಯಾ ಬೀಜ ಬಿತ್ತಿದನು. ಎಳೆಗಿಡಗಳ ಕುಡಿ ಚಿವುಟಿದನು. ಚಿವುಟಿದಲ್ಲೆಲ್ಲ ಕವಲೊಡೆದು, ಭಾದ್ರಪದ ಮುಗಿಯುವ ಹೊತ್ತಿಗೆ ಇಪ್ಪತ್ತೊಂದು ಗಿಡಗಳು ಕೆಂಪು ಹೂತೆನೆಗಳನ್ನು ಈಟಿಗಳಂತೆ ಎತ್ತಿ ಹಿಡಿದು ಕಾಂಪೌಂಡಿನುದ್ದಕ್ಕೂ ನಿಂತವು. ಇಷ್ಟಕ್ಕೇ ಬಿಟ್ಟಿದ್ದರೆ ಕಪ್ ಅವನದೇ.

ತೀರ್ಪುಗಾರರು ಬರುವ ದಿನ ಬೆಳಗ್ಗೆ, ಚೆಂಡುಹೂವಿನ ಚತುರಂಗಬಲಾಧ್ಯಕ್ಷೆಯಾದ ಟೀಚರು ಗೋಡೆಯಾಚೆಯಿಂದ ಇಣುಕಿದರು.

"ಚೆನ್ನಾಗಿ ಬಂದಿದೆ ಕಣ್ರೀ ಚನ್ನಂಜಯ್ಯ. ಎತ್ತರ ಮಾತ್ರ ಒಂದೇ ಸಮ ಇಲ್ಲ. ನೀವು ನಮ್ಮ ಯಜಮಾನರಿಗೆ ಹೊಲಿದುಕೊಟ್ಟ ಪ್ಯಾಂಟಿನ ಹಾಗೇ ಇದೆ."

ಆ ವಾಗ್ಬಾಣವು ನೇರವಾಗಿ ವೃತ್ತಿಮರ್ಮಕ್ಕೆ ನಾಟಿತು. ವೀರನು ಎದೆಯುಬ್ಬಿಸಿ ನುಡಿದನು: "ಈ ಊರಿನ ಎರಡು ತಲೆಮಾರಿನ ಮದುಮಕ್ಕಳ ಪ್ಯಾಂಟಿನ ಅಂಚನ್ನು ನೂಲಿನಷ್ಟೂ ಓರೆಯಿಲ್ಲದೆ ಮಡಚಿ ಹೊಲಿದ ಈ ಕೈಗಳಿಗೆ ಇಪ್ಪತ್ತೊಂದು ಗಿಡ ಯಾವ ಲೆಕ್ಕ? ಹತ್ತು ಗಂಟೆಗೆ ಬಂದು ನೋಡಿ ಟೀಚರೇ. ಈ ಸಾಲಿನ ಮೇಲೆ ನೀರಿನ ಲೋಟ ಇಟ್ಟರೂ ತುಳುಕಬಾರದು."

ಹೆಂಡತಿ ಪುಟ್ಟತಾಯಮ್ಮ ಅಡುಗೆಮನೆಯಿಂದಲೇ ಹೇಳಿದರು, "ರೀ, ಹೂವಿಗೆ ಕತ್ತರಿ ಹಾಕ್ಬೇಡಿ. ಅದು ಬಟ್ಟೆ ಅಲ್ಲ."

"ನೀನು ಸುಮ್ನಿರು. ಅಂಚಲ್ಲಿ ಒಂದಿಂಚು ತೆಗೆದ್ರೆ ಏನಾಗುತ್ತೆ?"

ಏನಾಯಿತೆಂದರೆ, ಬಲಬದಿಯಲ್ಲಿ ಒಂದಿಂಚು ತೆಗೆದಾಗ ಎಡಬದಿ ಎತ್ತರವಾಯಿತು. ಎಡಬದಿಯನ್ನು ಸಂಹರಿಸಿದಾಗ ನಡುವೆ ಗೂನು ಕಂಡಿತು. ಗೂನನ್ನು ಧ್ವಂಸಮಾಡಿದಾಗ ಅಲ್ಲಿ ಹಳ್ಳ ಬಿತ್ತು. ಹಳ್ಳಕ್ಕೆ ಹೊಂದಿಸಲು ಎರಡೂ ಬದಿಗಳು ಮತ್ತೆ ಇಳಿಯಬೇಕಾಯಿತು. ಟೇಪು ಏರಿತು, ಕತ್ತರಿ ಇಳಿಯಿತು, ರಕ್ತಕಿರೀಟಗಳು ಉರುಳಿ ಬುಟ್ಟಿ ಸೇರಿದವು. ಒಂಬತ್ತೂವರೆಗೆ ಯುದ್ಧ ಮುಗಿಯಿತು. ಎಲ್ಲ ಗಿಡಗಳೂ ಹನ್ನೊಂದಿಂಚು. ಭೂಮಂಡಲದಲ್ಲಿ ಸಮತೆ ಸ್ಥಾಪನೆಯಾಯಿತು.

ಹತ್ತಕ್ಕೆ ತೀರ್ಪುಗಾರರು ಬಂದರು. ಅವರಲ್ಲಿ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಇದು ಯಾವ ಸೊಪ್ಪು?"

"ಸಾಲ್ವಿಯಾ ಸಾರ್."

"ಹೂವೆಲ್ಲಿ?"

ವೀರನು ಬುಟ್ಟಿ ತೋರಿಸಿದನು.

"ಬುಟ್ಟಿಗೆ ಅಂಕ ಕೊಡೋಕಾಗಲ್ಲ ಇವರೇ."

"ಸಾಲು ನೋಡಿ ಸಾರ್. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ."

ಹಿರಿಯರು ಸಾಲಿನ ಈ ತುದಿಯಿಂದ ಆ ತುದಿಗೆ ನಡೆದು ನೋಡಿದರು. "ನಿಜ, ಭಾಳ ನೀಟಾಗಿದೆ," ಎಂದರು. "ಅದಕ್ಕೆ ನಮ್ಮ ಫಾರಂನಲ್ಲಿ ಕಾಲಂ ಇಲ್ಲ."

ನಾಲ್ಕನೆಯ ಕಪ್ ಟೀಚರ ಶೋಕೇಸು ಸೇರಿತು. ಪ್ಲಾಸ್ಟಿಕ್ಕಿನದು, ಚಿನ್ನದ ಬಣ್ಣ, ಒಂದು ಗೇಣು ಎತ್ತರ.

ಪುಟ್ಟತಾಯಮ್ಮ ಬುಟ್ಟಿಯನ್ನು ಗೊಬ್ಬರದ ಗುಂಡಿಗೆ ಸುರಿಯುವ ಮೊದಲು ಎಣಿಸಿದರು. ನೂರಾ ಹದಿಮೂರು ಹೂತೆನೆ.