ನೆಗೆಣ್ಣಿಯ ವಿಎಂಸಿಗೆ ನಾನು ಕೊಟ್ಟ ಮಾರ್ಕ್ಸು

ಯಂತ್ರಗಳ ವಿಷಯದಲ್ಲಿ ನನ್ನ ತಿಳಿವಳಿಕೆ ಕಡಿಮೆಯೇನಲ್ಲ. ಮಿಕ್ಸಿಯ ಬ್ಲೇಡು ನಾನೇ ಬಿಚ್ಚಿ ತೊಳೆಯುತ್ತೇನೆ. ಹೊಲಿಗೆ ಮಷಿನ್ನಿಗೆ ನಾನೇ ಎಣ್ಣೆ ಬಿಡುತ್ತೇನೆ. ಹೀಗಿರುವಾಗ ನಮ್ಮವರು ವರ್ಕ್‌ಶಾಪಿಗೆ ವಿಎಂಸಿ ಕೊಳ್ಳುವ ಮುನ್ನ ಅದನ್ನು ಪರೀಕ್ಷಿಸಲು ಹೊರಟಾಗ, ನಾನಿಲ್ಲದೆ ಆ ಕೆಲಸ ನೆಟ್ಟಗಾಗದು ಎಂದು ನನಗೆ ಖಾತ್ರಿಯಿತ್ತು. ನಾನಿದ್ದದ್ದಕ್ಕೇ ಅದು ನೆಟ್ಟಗಾಗಲಿಲ್ಲ ಎಂಬುದು ಆಮೇಲಿನ ಮಾತು.

ವಿಎಂಸಿ ಅಂದರೆ ವರ್ಟಿಕಲ್ ಮಷಿನಿಂಗ್ ಸೆಂಟರ್. ಆಳೆತ್ತರದ ಬೀರುವಿನಂಥ ಯಂತ್ರ. ಗಾಜಿನ ಬಾಗಿಲ ಹಿಂದೆ ಮೇಲಿನಿಂದ ಒಂದು ಟೂಲ್ ಗಿರಗಿರನೆ ತಿರುಗುತ್ತ ಇಳಿದು, ಕಂಪ್ಯೂಟರ್ ಹೇಳಿದಷ್ಟೇ ಕಬ್ಬಿಣ ಕೊರೆದು, ಮೇಲಕ್ಕೆ ಹೋಗುತ್ತದೆ. ಗಿಣಿಗೇರಾ ರಸ್ತೆಯಲ್ಲಿರುವ ನಮ್ಮ ವರ್ಕ್‌ಶಾಪಿನಲ್ಲಿ ಎರಡು ಹಳೆಯ ಲೇತ್‌ಗಳಿವೆ, ಒಂದು ಡ್ರಿಲ್ಲಿಂಗ್ ಮಷಿನ್ ಇದೆ. ವಿಎಂಸಿ ಇಲ್ಲ.

ಗಂಗಾವತಿಯ ಶಾಂತಕ್ಕನಿಗೆ ಇದೆ!

ಶಾಂತಕ್ಕ ನನ್ನ ನೆಗೆಣ್ಣಿ, ನಮ್ಮವರ ಅಣ್ಣನ ಹೆಂಡತಿ. ಭಾವನವರು ಅಲ್ಲಿ ರೈಸ್‌ಮಿಲ್ಲುಗಳ ಬಿಡಿಭಾಗ ಮಾಡುತ್ತಾರೆ. ಹೋದ ವರ್ಷ ವಿಎಂಸಿ ತಂದ ದಿನದಿಂದ ಶಾಂತಕ್ಕನ ನಡಿಗೆಯೇ ಬದಲಾಯಿತು. ಸೀಮಂತಕ್ಕೆ ಬಂದರೂ ಅದೇ ಮಾತು, ತೊಟ್ಟಿಲ ಕಾರ್ಯಕ್ಕೆ ಬಂದರೂ ಅದೇ ಮಾತು.

"ಇಪ್ಪತ್ನಾಕು ಟೂಲ್ ಅದಾವವಾ ಸುನಂದಾ. ಯಾವುದು ಬೇಕೋ ತಾನ ತಗೋತೈತಿ, ತಾನ ಇಡ್ತೈತಿ. ನಾವು ಬರೇ ನೋಡಕೋಂತ ನಿಂದ್ರೋದು!"

ನನ್ನ ಅಡುಗೆಮನೆಯಲ್ಲಿ ಇರುವುದು ಐದು ಸೌಟು. ಐದನ್ನೂ ನಾನೇ ತೆಗೆಯಬೇಕು, ನಾನೇ ಇಡಬೇಕು. ನನಗೆ ಹೊಟ್ಟೆಕಿಚ್ಚು ಅಂತ ಯಾರೂ ತಿಳಿಯಬಾರದು. ಹೊಟ್ಟೆಯಲ್ಲಿ ಏನೋ ಸ್ವಲ್ಪ ಉರಿಯುತ್ತಿತ್ತು, ಅಷ್ಟೇ.

ಅಷ್ಟರಲ್ಲಿ ಗಿಣಿಗೇರಾದ ಒಂದು ಕಾರ್ಖಾನೆಯವರು ನಮ್ಮವರನ್ನು ಕರೆದು, ವರ್ಷವಿಡೀ ದಪ್ಪ ಕಬ್ಬಿಣದ ಪ್ಲೇಟುಗಳ ಮೈ ಸಮ ಮಾಡಿ ತೂತು ಕೊರೆದು ಕೊಡುವ ಕೆಲಸವಿದೆ ಎಂದರು. ಆದರೆ ಅದು ವಿಎಂಸಿಯ ಮೇಲೆಯೇ ಆಗಬೇಕು. ಸೋಮವಾರದೊಳಗೆ ಹೌದೋ ಅಲ್ಲವೋ ಹೇಳಬೇಕು. ಹೌದೆಂದರೆ ನಮ್ಮ ಪುಟ್ಟ ವರ್ಕ್‌ಶಾಪಿಗೆ ಅಂಥ ಕೆಲಸ ಸಿಗುವುದು ಅದೇ ಮೊದಲು. ಅಲ್ಲವೆಂದರೆ ಅದು ಬೇರೆಯವರ ಪಾಲು.

ಹುಬ್ಬಳ್ಳಿಯ ಡೀಲರ್ ಹತ್ತಿರ ಒಂದೇ ಒಂದು ಮಷಿನ್ ತಯಾರಿತ್ತು. ಅದು ಯಾವುದು? ಶಾಂತಕ್ಕನ ಮನೆಯದೇ ಮಾಡೆಲ್!

"ರೀ, ಅಕ್ಕಾರ ಮನಿಯಾಗ ಇರೋದನ್ನ ನಾವೂ ಯಾಕ್ ತರಬೇಕ್ರಿ? ಅದಕ್ಕಿಂತ ದೊಡ್ಡದು ತರೂಣು" ಎಂದೆ.

"ಮಷಿನ್ ಅಂದ್ರ ಸೀರಿ ಅಲ್ಲ, ಅವರ್ದಕಿಂತ ನಂದು ದೊಡ್ಡಂಚಿಂದು ಅನ್ನಾಕ" ಎಂದರು ನಮ್ಮವರು. "ಅಣ್ಣನ ಮಷಿನ್ ಮ್ಯಾಲೆ ನಮ್ಮ ಪ್ಲೇಟ್ ಹಾಕಿ ನೋಡತೀನಿ. ಹತ್ತು ಪೀಸ್ ಸರಿಯಾಗಿ ಬಂದ್ವು ಅಂದ್ರ ಅಲ್ಲಿಂದನ ಹುಬ್ಬಳ್ಳಿಗೆ ಫೋನ್ ಹಚ್ಚತೀನಿ. ನೀನೂ ಬಾ, ನಿನ್ನ ಅಕ್ಷರ ಚಂದ ಅದಾವು, ಲೆಕ್ಕ ಬರಕೋ."

ಅಕ್ಷರದ ವಿಷಯ ಬಂದರೆ ನಾನು ಸೋಲುವವಳಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಕೈಯಿಂದ ಏಟು ತಿಂದು ಕಲಿತ ಅಕ್ಷರ. ಹೊಸ ನೋಟ್‌ಬುಕ್ಕು, ಸ್ಕೇಲು, ತಪ್ಪು ತೋರಿಸಲು ಒಂದು ಕೆಂಪು ಪೆನ್ನು ಹಿಡಿದು ಶುಕ್ರವಾರ ಬೆಳಿಗ್ಗೆ ಗಂಗಾವತಿಗೆ ಹೊರಟೆ.

ಕೆಂಪು ಪೆನ್ನಿನ ರೀಫಿಲ್ಲು ತುಂಬಿದೆಯೇ ಎಂದು ಬಸ್ಸಿನಲ್ಲಿ ಎರಡು ಸಲ ನೋಡಿಕೊಂಡೆ.

ಶಾಂತಕ್ಕ ಮಷಿನ್ನಿಗೆ ಇಳಕಲ್ ಸೀರೆಯ ಹಳೇ ಸೆರಗಿನಿಂದ ಹೊದಿಕೆ ಹೊಲಿದಿದ್ದಳು! ನನಗೆ ಉಡಲು ಇಲ್ಲದ ಕಸೂತಿ ಅದರ ಮೈಮೇಲೆ. ಅದನ್ನು ಸರ್ರನೆ ಎಳೆದು, "ನೋಡಪಾ ಮೈದುನಾ, ಹೆಂಗ ಹೊಳೀತೈತಿ" ಎಂದಳು. ಎಡಬದಿಯ ಮೂಲೆಯಲ್ಲಿ ಬಣ್ಣ ಒಂದು ಸಾಸಿವೆ ಕಾಳಿನಷ್ಟು ಎದ್ದಿತ್ತು. ಬರೆದುಕೊಂಡೆ.

ಭಾವನವರ ವರ್ಕ್‌ಶಾಪಿನಲ್ಲಿ ಹೊಸ ಕೆಲಸದ ಮೊದಲ ಪೀಸಿಗೆ ಪೂಜೆ ಆಗಲೇಬೇಕು. ಶಾಂತಕ್ಕ ಮಷಿನ್ನಿನ ಬಾಗಿಲಿಗೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಹೊರಗೇ ನಿಂತು ನಾಲ್ಕು ಅಕ್ಕಿಕಾಳು ಹಾಕಿದಳು. ತುಪ್ಪ, ಅರಿಷಿಣ ಕಲಸಿದ ಅಕ್ಕಿ. ಭತ್ತದ ಊರಿನಲ್ಲಿ ಅಕ್ಕಿಗೆ ಬರವೇ? ತಟ್ಟೆ ತುಂಬ ಇತ್ತು.

"ನೀನೂ ಎರಡ ಕಾಳ ಹಾಕವಾ" ಎಂದು ತಟ್ಟೆ ಚಾಚಿ, ಚಹಾ ತರಲು ಒಳಗೆ ಹೋದಳು.

ಇಲ್ಲಿ ನನ್ನ ಮನಸ್ಸು ಒಂದು ಕ್ಷಣ ಹಿಂಜರಿಯಿತು. ನಾನೇಕೆ ಅವಳ ಮಷಿನ್ನಿಗೆ ಹರಸಲಿ? ಹರಸುವುದಾದರೆ ನಮ್ಮ ಪ್ಲೇಟಿಗೆ ಹರಸುತ್ತೇನೆ. ಭಾವನವರು ಆಚೆ ತಿರುಗಿ ಬಟನ್ ಒತ್ತುತ್ತಿದ್ದರು. ನಮ್ಮವರು ಮೊದಲ ಪ್ಲೇಟು ಒರೆಸುತ್ತಿದ್ದರು. ಪ್ಲೇಟನ್ನು ಕಚ್ಚಿ ಹಿಡಿಯುವ ಕಬ್ಬಿಣದ ವೈಸ್ ಬಾಯಿ ತೆರೆದುಕೊಂಡಿತ್ತು. ಮಷಿನ್ನಿಗೆ ಒಂದು ಕಾಳೂ ದಕ್ಕಬಾರದೆಂದು ಗುರಿಯಿಟ್ಟು, ಆ ಬಾಯಿಯ ನಟ್ಟನಡುವೆ ಒಂದು ಹಿಡಿ ಹಾಕಿದೆ. ನಮ್ಮ ಪಾಲಿನ ಆಶೀರ್ವಾದ ನಮಗೇ!

ಭಾವನವರು ಗಾಳಿಯ ಪೈಪು ಹಿಡಿದು ಬುಸ್ಸೆಂದು ಊದಿದರು. ಕಾಳೆಲ್ಲ ಹಾರಿದವು. ಹಾರಿದವು ಎಂದೇ ಎಲ್ಲರೂ ತಿಳಿದೆವು. ಪ್ಲೇಟು ಕೂರಿಸಿ, ಸುತ್ತಿಗೆಯಿಂದ ಮೆಲ್ಲಗೆ ಬಡಿದು, ಬಿಗಿದು, ಬಾಗಿಲು ಮುಚ್ಚಿದರು.

ಮಷಿನ್ ಕೆಲಸ ಮಾಡಿತು. ಎಷ್ಟು ಚಂದ ಮಾಡಿತೆಂದರೆ ನನಗೆ ನೋಡಲಾಗಲಿಲ್ಲ.

ಹತ್ತೂ ಪ್ಲೇಟು ಮುಗಿದ ಮೇಲೆ ನಮ್ಮವರು ಒಂದೊಂದನ್ನೇ ಸಮತಟ್ಟಾದ ಕಲ್ಲಿನ ಮೇಲಿಟ್ಟು, ಮೈ ಎಷ್ಟು ಓರೆಯಿದೆ ಎಂದು ಗಡಿಯಾರದಂಥ ಡಯಲ್ ಗೇಜಿನಿಂದ ಅಳೆದರು. ಮುಳ್ಳು ಎರಡು ಗೆರೆ ಅಲುಗಿದರೆ ಕಾರ್ಖಾನೆಯವರು ಒಪ್ಪುತ್ತಾರೆ. ಅದಕ್ಕಿಂತ ಹೆಚ್ಚಾದರೆ ಗುಜರಿ.

"ಎಂಟು" ಎಂದರು ನಮ್ಮವರು. ಮುಖ ಸಣ್ಣದಾಯಿತು. ಎರಡನೆಯದು, "ಎಂಟು." ಮೂರನೆಯದು, "ಎಂಟು."

ಹತ್ತು ಸಲ ಎಂಟು! ಹತ್ತೂ ಸಲ ಕೆಂಪು ಪೆನ್ನು! ಬರೆಯುವಾಗ ಮುಖದಲ್ಲಿ ದುಃಖ ಇರಬೇಕೆಂದು ಎಷ್ಟು ಕಷ್ಟಪಟ್ಟೆನೋ, ದೇವರಿಗೇ ಗೊತ್ತು. ಕೆಳಗೆ ಸ್ಕೇಲಿನಿಂದ ಎರಡು ಗೆರೆ ಎಳೆದು 'ಅನುತ್ತೀರ್ಣ' ಎಂದು ದುಂಡಗೆ ಬರೆದೆ.

ಭಾವನವರು ಪ್ಲೇಟು ತಿರುಗಿಸಿ ತಿರುಗಿಸಿ ನೋಡಿದರು. ಶಾಂತಕ್ಕ ಚಹಾದ ತಟ್ಟೆ ಹಿಡಿದು ನಿಂತೇ ಇದ್ದಳು.

"ಅಕ್ಕಾರ, ಮನಸಿಗೆ ಹಚ್ಕೋಬ್ಯಾಡ್ರಿ" ಎಂದೆ. "ಬಣ್ಣ ಅಂತೂ ಭಾಳ ಛಲೋ ಐತ್ರಿ."

ನಮ್ಮವರು ಅಲ್ಲಿಂದಲೇ ಹುಬ್ಬಳ್ಳಿಗೆ ಫೋನ್ ಮಾಡಿ ಆ ಮಷಿನ್ ಬೇಡವೆಂದರು. ಮನೆಗೆ ಬಂದು ನಾನು ಶಾವಿಗೆ ಪಾಯಸ ಮಾಡಿದೆ. ಏನು ವಿಶೇಷ ಅಂತ ಅವರು ಕೇಳಲಿಲ್ಲ. ತಿನ್ನಲೂ ಇಲ್ಲ.

ಭಾನುವಾರ ಬೆಳಿಗ್ಗೆ ಶಾಂತಕ್ಕನ ಫೋನು.

"ಸುನಂದಾ, ನಿಮ್ಮ ಭಾವ ಎರಡ ದಿನಾತು ಸರಿಯಾಗಿ ಉಂಡಿಲ್ಲವಾ. ಇಷ್ಟ ದಿನಾ ಕಳಿಸಿದ ಮಾಲೆಲ್ಲಾ ಹಿಂಗ ಆಗಿದ್ರ ಮುಂದೇನು ಅಂತ ಕುಂತಾರ. ಹುಬ್ಬಳ್ಳಿಂದ ಇಂಜಿನಿಯರ್ ಬಂದಾನ. ನೀ ಬರದಿದ್ದ ಪುಸ್ತಕ ತಗೊಂಡ ಬಾ."

ನನ್ನ ನೋಟ್‌ಬುಕ್ಕಿಗೆ ಇಂಜಿನಿಯರ್ ಮಟ್ಟದ ಬೇಡಿಕೆ! ಇಸ್ತ್ರಿ ಸೀರೆ ಉಟ್ಟು ನಮ್ಮವರ ಜೊತೆ ಹೋದೆ.

ಇಂಜಿನಿಯರು ಪುಟ ತೆರೆದು ಒಮ್ಮೆ ನೋಡಿದ. ಇನ್ನೊಮ್ಮೆ ನೋಡಿದ. ನಗತೊಡಗಿದ.

"ಮೇಡಮ್ಮಾರ, ನೀವು ಫೇಲ್ ಅಂತ ಬರದೀರಿ. ಇದು ಮಷಿನ್ನಿನ ಸರ್ಟಿಫಿಕೇಟ್ ಐತ್ರಿ! ಮಷಿನ್ ಕೆಟ್ಟಿದ್ರ ಒಂದರಾಗ ಮೂರು, ಒಂದರಾಗ ಹನ್ನೊಂದು, ಹೆಂಗರ ಬರ್ತಿತ್ತು. ಹತ್ತರಾಗೂ ಎಂಟ ಬಂದೈತಿ ಅಂದ್ರ ಇದು ಹೇಳಿದ್ದನ್ನ ಕೂದಲೆಳಿ ತಪ್ಪದಂಗ ಮಾಡೈತಿ. ತಪ್ಪು ಇದರದಲ್ರಿ, ಹತ್ತೂ ಪ್ಲೇಟಿನ ಕೆಳಗ ಏನೋ ಅಂಟಕೊಂಡು ಕುಂತಿತ್ತು."

ಬ್ಯಾಟರಿ ಬೆಳಕು ಬಿಟ್ಟು ವೈಸ್ ಒಳಗೆ ಇಣುಕಿದ. ಹಿಂದಿನ ಮೂಲೆಯಲ್ಲಿ ಬ್ಲೇಡಿನಿಂದ ಕೆರೆದು, ಹಪ್ಪಳದಂತೆ ಚಪ್ಪಟೆಯಾಗಿದ್ದ ಹಳದಿ ಚೂರೊಂದನ್ನು ಅಂಗೈಯಲ್ಲಿ ಹಿಡಿದ. ಭಾವನವರು ಮೂಸಿದರು.

"ತುಪ್ಪದ ವಾಸನಿ."

"ಅಯ್ಯ ನಮ್ಮವ್ವಾ, ಅಕ್ಕಿಕಾಳ!" ಎಂದಳು ಶಾಂತಕ್ಕ. "ನಾ ಬಾಗಲಾ ದಾಟಿಲ್ಲ. ಒಳಗ ಹಾಕಿದವರು ಯಾರು?"

ಯಾರೂ ನನ್ನ ಕಡೆ ನೋಡಲಿಲ್ಲ. ಎಲ್ಲರೂ ನನ್ನ ಕಡೆ ನೋಡದೇ ಇರಲು ಪ್ರಯತ್ನಿಸಿದರು. ಅದು ಇನ್ನೂ ಕೆಟ್ಟದ್ದು.

"ನಾನ್ರೀ" ಎಂದೆ. "ಎರಡ ಕಾಳ ಅಂದಿದ್ರಿ... ಒಂದ ಹಿಡಿ ಆತು."

"ಅದರ ಬಾಯಾಗ ಯಾಕ ಹಾಕಿದಿ?" ನಮ್ಮವರು ಕೇಳಿದರು.

ಸುಳ್ಳು ಹೇಳಲು ಸಿಸ್ಟರ್ ಕಲಿಸಿರಲಿಲ್ಲ. "ನಮ್ಮ ಪ್ಲೇಟಿಗೆ ಅಷ್ಟ ಹತ್ತಲಿ ಅಂತ. ಅಕ್ಕಾರ ಮಷಿನ್ನಿಗೆ ಹತ್ತಬಾರ್ದು ಅಂತ."

ಶಾಂತಕ್ಕ ಸೆರಗು ಬಾಯಿಗೆ ಹಿಡಿದಳು. ಅಳುತ್ತಾಳೆ ಅಂದುಕೊಂಡೆ. ನಗುತ್ತಿದ್ದಳು! ಅವಳು ಅತ್ತಿದ್ದರೆ ನನಗೆ ಎಷ್ಟೋ ಹಿತವಾಗುತ್ತಿತ್ತು.

ವೈಸ್ ತೊಳೆದು ಮತ್ತೊಂದು ಪ್ಲೇಟು ಹಾಕಿದರು. ಮುಳ್ಳು ಒಂದು ಗೆರೆಯನ್ನೂ ದಾಟಲಿಲ್ಲ. ನಮ್ಮವರು ಓಡಿ ಡೀಲರ್‌ಗೆ ಫೋನ್ ಹಚ್ಚಿದರು. ಆ ಮಷಿನ್ನು ಶನಿವಾರವೇ ಕುಷ್ಟಗಿಯವರ ಪಾಲಾಗಿತ್ತು. ಮುಂದಿನದು ಬರಲು ಮೂರು ತಿಂಗಳು. ನಮ್ಮವರು ಅಲ್ಲೇ ಸ್ಟೂಲಿನ ಮೇಲೆ ಕುಳಿತರು. ಉಟ್ಟು ಬಂದಿದ್ದ ಇಸ್ತ್ರಿ ಸೀರೆ ನನಗೇ ಭಾರವಾಯಿತು.

"ಮೂರ ತಿಂಗಳ ನಮ್ಮ ಮಷಿನ್ ಮ್ಯಾಲೆ ಮಾಡಕೋಪಾ" ಎಂದರು ಭಾವನವರು. "ಒಪ್ಪೀನಿ ಅಂತ ಹೇಳು ಕಾರ್ಖಾನಿಯವರಿಗೆ."

ಸೋಮವಾರ ಕಾರ್ಖಾನೆಯವರು, ಯಾರ ಮಷಿನ್ ಆದರೇನು, ಮಾಲು ಸರಿಯಿದ್ದರೆ ಸಾಕು ಎಂದರು. ಕೆಲಸ ಉಳಿಯಿತು. ನಮ್ಮವರು ಈಗ ದಿನಾ ಗಂಗಾವತಿಗೆ ಹೋಗುತ್ತಾರೆ. ರಾತ್ರಿ ಊಟಕ್ಕೆ ಕುಳಿತರೆ ಶಾಂತಕ್ಕನ ಮಷಿನ್ನಿನ ಗುಣಗಾನ. ಮೊದಲು ಒಬ್ಬರ ಬಾಯಲ್ಲಿ ಕೇಳುತ್ತಿದ್ದದ್ದನ್ನು ಈಗ ಇಬ್ಬರ ಬಾಯಲ್ಲಿ ಕೇಳುತ್ತೇನೆ.

ವಾರಕ್ಕೊಮ್ಮೆ ರೊಟ್ಟಿಬುತ್ತಿ ಕಟ್ಟಿಕೊಂಡು ನಾನೂ ಹೋಗುತ್ತೇನೆ. ಶಾಂತಕ್ಕ ಬಾಗಿಲಲ್ಲೇ ತಡೆಯುತ್ತಾಳೆ.

"ಕೈ ತೋರ್ಸವಾ."

ಎರಡೂ ಅಂಗೈ ತೋರಿಸುತ್ತೇನೆ. ಮಗುಚಿ ಉಗುರು ತೋರಿಸುತ್ತೇನೆ. ಸೆರಗಿನ ಗಂಟು ಬಿಚ್ಚಿ ತೋರಿಸುತ್ತೇನೆ. ಇನ್ನೇನು ಒಳಗೆ ಕಾಲಿಡಬೇಕು, ಮಷಿನ್ ಹತ್ತಿರದಿಂದ ನಮ್ಮವರು ಅತ್ತಿಗೆಗೆ ಕೂಗಿ ಹೇಳುತ್ತಾರೆ:

"ವೈನೀ, ಬುತ್ತಿಗಂಟೂ ಝಾಡಿಸಿ ನೋಡ್ರಿ!"

ಝಾಡಿಸುತ್ತೇನೆ.