ಕಫದ ಶೀಶೆಗೆ ತಕ್ಕ ಮನುಷ್ಯ

ಆಸ್ಪತ್ರೆಯಲ್ಲಿ ಕೆಲಸ ಮಾಡಿದವನಿಗೆ ಇಂಥ ಪ್ರಸಂಗಗಳಿಗೆ ಬರವಿಲ್ಲ. ನಡೆಯುವಾಗ ಮೈ ಉರಿಯುತ್ತದೆ. ನಗು ಬರಲು ಹತ್ತು ವರ್ಷ ಬೇಕು. ಇದಕ್ಕೆ ನನಗೆ ಇನ್ನೂ ಪೂರ್ತಿ ಬಂದಿಲ್ಲ.

ಐವತ್ತರ ದಶಕದ ಕೊನೆ. ಭದ್ರಾವತಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಪರೀಕ್ಷೆಯ ಕೋಣೆ ನನ್ನದು. ಸೂಕ್ಷ್ಮದರ್ಶಕ ರಿಪೇರಿಗೆ ಹೋಗಿತ್ತು. ನಾನು ನಿವೃತ್ತನಾದಾಗಲೂ ರಿಪೇರಿಯಲ್ಲೇ ಇತ್ತು. ಹಾಗಾಗಿ ಕಫ ಪರೀಕ್ಷೆಗೆ ಶಿವಮೊಗ್ಗಕ್ಕೆ ಕಳಿಸಬೇಕು. ಹನ್ನೆರಡು ಮೈಲಿ.

ಕಾರ್ಖಾನೆಯ ಎರಕದ ಕೆಲಸಗಾರ ಒಬ್ಬ ಬಂದ. ಕೆಲಸ ಕಾಯಂ ಆಗಬೇಕಿತ್ತು. ಕ್ಷಯವಿಲ್ಲವೆಂದು ತಿಂಗಳೊಳಗೆ ಸರ್ಟಿಫಿಕೇಟು ಕೊಡಬೇಕು. ಇಲ್ಲದಿದ್ದರೆ ಮನೆಗೆ. ಹೆಂಡತಿ ತುಂಬು ಬಸುರಿ.

ಶೀಶೆ ಒಯ್ಯುವವನಿಗೆ ನನ್ನ ನಿಯಮ ನಾಲ್ಕು. ನೆಟ್ಟಗೆ ಹಿಡಿಯಬೇಕು. ಬಿಸಿಲು ತಾಗಿಸಬಾರದು. ಮಧ್ಯಾಹ್ನದೊಳಗೆ ಮುಟ್ಟಿಸಬೇಕು. ರಸೀದಿ ತರಬೇಕು. ಇಷ್ಟು ಮಾಡುವ ಒಬ್ಬ ಮನುಷ್ಯ ಎರಡು ಊರಿನಲ್ಲಿ ಸಿಗಲಿಲ್ಲ.

ಕಿಟಕಿಯಾಚೆ

ಮೊದಲು ನಮ್ಮ ಜವಾನ. ಮಡಿವಂತ. ಶೀಶೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

“ಎಂಜಲು ಸ್ವಾಮಿ. ನಾನು ಮುಟ್ಟೋದು ಹೇಗೆ?”

“ಮುಟ್ಟಬೇಡ. ದಾರ ಕಟ್ಟಿ ಹಿಡ್ಕೊ.”

ಇದು ನನ್ನ ತಪ್ಪು. ಒಪ್ಪುತ್ತೇನೆ.

ಅವನು ಬಸ್ಸು ಹತ್ತಿದ. ಎಂಜಲು ಬಸ್ಸಿನೊಳಗೆ ಇರಬಾರದೆಂದು ಕಿಟಕಿಯಿಂದ ಕೈ ಹೊರಗೆ ಚಾಚಿ, ದಾರದಲ್ಲಿ ಶೀಶೆ ನೇತಾಡಿಸಿಕೊಂಡು ಹೊರಟ. ಮಾಚೇನಹಳ್ಳಿ ಹತ್ತಿರ ಎದುರಿಗೆ ಹುಲ್ಲಿನ ಗಾಡಿ ಬಂತು. ಶೀಶೆ ಹುಲ್ಲಿನ ಜೊತೆ ಹೋಯಿತು.

ಸಂಜೆ ಬಂದು ನನ್ನ ಮೇಜಿನ ಮೇಲೆ ದಾರ ಇಟ್ಟ.

“ಇದನ್ನ ಮಾತ್ರ ಬಿಡಲಿಲ್ಲ ಸ್ವಾಮಿ.”

ನಿಂಬೆಕಾಯಿ

ಎರಡನೆಯ ಸಲ ಬಸ್ಸಿನ ಕಂಡಕ್ಟರಿಗೆ ಕೊಟ್ಟೆ. ನಂಬಿಕಸ್ತ. ಕಾಗದ, ಹೂವು, ಕನ್ನಡಕ, ಏನು ಕೊಟ್ಟರೂ ಮುಟ್ಟಿಸುತ್ತಿದ್ದ. ಅಂದು ಭದ್ರಾವತಿಯ ಒಬ್ಬ ತಾಯಿ, ಶಿವಮೊಗ್ಗದ ಮಗಳಿಗೆ ನಿಂಬೆಕಾಯಿ ಉಪ್ಪಿನಕಾಯಿ ಕಳಿಸಿದ್ದಳು. ಊರಿನ ಅರ್ಧ ಮನೆಗಳಲ್ಲಿ ಉಪ್ಪಿನಕಾಯಿ ಇರುತ್ತಿದ್ದದ್ದು ಆಸ್ಪತ್ರೆಯ ಶೀಶೆಯಲ್ಲೇ. ಎರಡಕ್ಕೂ ಒಂದೇ ಥರ ಕಾಗದ ಸುತ್ತಿತ್ತು.

ಶಿವಮೊಗ್ಗದ ದೊಡ್ಡ ಡಾಕ್ಟರಿಂದ ಚೀಟಿ ಬಂತು: “ರೋಗಿಯನ್ನು ಕೂಡಲೇ ಕಳಿಸಿ. ಕಫದಲ್ಲಿ ಬೀಜವಿದೆ.”

ಮಗಳು ಕಾಗದ ಬಿಚ್ಚಿ, ಮುಚ್ಚಳ ತೆಗೆಯುವ ಮುಂಚೆ ಶೀಶೆಯ ಕೊರಳಿಗೆ ಕಟ್ಟಿದ್ದ ನನ್ನ ಚೀಟಿ ಓದಿದಳಂತೆ. ಹೆಣ್ಣುಮಕ್ಕಳಿಗೆ ಓದು ಯಾಕೆ ಎಂದು ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಅಲ್ಲಿಗೆ ಮುಗಿಯಬಹುದಿತ್ತು. ಆಕೆ ಶೀಶೆಯನ್ನು ಹಿತ್ತಲಲ್ಲಿ ಬರಿದು ಮಾಡಿ, ಕುದಿಸಿ ತೊಳೆದಳು. ಯಾರದೇ ಪಾತ್ರೆಯಾಗಲಿ, ಖಾಲಿ ಹಿಂದಿರುಗಿಸಬಾರದಲ್ಲ? ಸಕ್ಕರೆ ತುಂಬಿ, ಚೀಟಿ ಮತ್ತೆ ಕಟ್ಟಿ ಕಂಡಕ್ಟರಿಗೆ ಕೊಟ್ಟಳು. ಅವನು ನಮ್ಮ ಚೀಟಿ ನೋಡಿದ. ತಪ್ಪು ಸರಿಪಡಿಸುವ ಹುಮ್ಮಸ್ಸಿನಲ್ಲಿ ನೇರ ದೊಡ್ಡ ಡಾಕ್ಟರಿಗೇ ಕೊಟ್ಟುಬಂದ.

ಎರಡನೇ ಚೀಟಿ: “ನಿಂಬೆ ಬಂತು. ಸಕ್ಕರೆಯೂ ಬಂತು. ನೀರು ಕಳಿಸಿದರೆ ಪಾನಕ ಮಾಡಿಕೊಳ್ಳುತ್ತೇವೆ.”

ಅರ್ಹತೆ

ಚೀಟಿ ನಮ್ಮ ಮೇಲಧಿಕಾರಿಯ ಕೈಗೆ ಬಿತ್ತು. ನನ್ನನ್ನು ಕರೆದರು.

“ಕಂಡಕಂಡವರ ಕೈಗೆ ಕೊಟ್ಟರೆ ಹೀಗೇ ಆಗೋದು. ಅರ್ಹ ವ್ಯಕ್ತಿ ಬೇಕು ಕಣ್ರೀ, ಅರ್ಹ ವ್ಯಕ್ತಿ.”

ಅರ್ಹ ವ್ಯಕ್ತಿ ಅವರ ಮನೆಯಲ್ಲೇ ಇದ್ದರು. ಹೆಂಡತಿಯ ತಮ್ಮ. ಎಸ್ಸೆಸ್ಸೆಲ್ಸಿ. ಶುದ್ಧ ನಡತೆಗೆ ಸರ್ಟಿಫಿಕೇಟು, ಟೈಪಿಂಗಿಗೆ ಸರ್ಟಿಫಿಕೇಟು, ಈಜಿಗೂ ಒಂದು ಸರ್ಟಿಫಿಕೇಟು.

ಅಷ್ಟರಲ್ಲಿ ಕೆಲಸಗಾರನ ಸ್ಥಿತಿ ಬೇರೆ. “ಬರ್ತಿಲ್ಲ ಸ್ವಾಮಿ” ಎಂದ. ಎರಡು ಸಲ ಕೆಮ್ಮಿ ಕೊಟ್ಟಾಗಿತ್ತು. ಗಟ್ಟಿ ಆಳು. ಕೆಮ್ಮೇ ಇಲ್ಲದವನು ಎಷ್ಟು ಸಲ ಕೆಮ್ಮಿಯಾನು? ಬೆಳಗ್ಗೆ ಇಡೀ ಕೂತು, ಕಣ್ಣಲ್ಲಿ ನೀರು ತಂದುಕೊಂಡು ಒಂದಿಷ್ಟು ಕೊಟ್ಟ.

ಅರ್ಹರು ಹೋದರು. ಮಧ್ಯಾಹ್ನದೊಳಗೆ ಮುಟ್ಟಿಸಿದರು. ರಸೀದಿ ತಂದರು. ನನಗೆ ಸಂತೋಷವಾಯಿತು.

“ಶೀಶೆ ನೆಟ್ಟಗಿತ್ತಾ?”

“ನೆಟ್ಟಗಿತ್ತು ಸಾರ್. ಆದರೆ ಒಳಗೆಲ್ಲ ಗಲೀಜು. ಅಷ್ಟು ದೊಡ್ಡ ಡಾಕ್ಟರ ಮುಂದೆ ಹಾಗೇ ಇಡೋಕಾಗುತ್ತಾ? ನಲ್ಲಿಯಲ್ಲಿ ಮೂರು ಸಲ ತೊಳೆದೆ.”

ಮರುದಿನ ಚೀಟಿ: “ನೀರು ತಲುಪಿತು. ಇನ್ನೊಮ್ಮೆ ಹೀಗಾದರೆ ನಿಮ್ಮ ಆಸ್ಪತ್ರೆಯ ಶೀಶೆ ಇಲ್ಲಿ ತೆಗೆದುಕೊಳ್ಳುವುದಿಲ್ಲ.”

ಮೇಲಧಿಕಾರಿಗೆ ತೋರಿಸಿದೆ. “ಎಷ್ಟು ಶುಚಿ ನೋಡ್ರಿ ನಮ್ಮ ಭಾವಮೈದ” ಎಂದರು.

ಸೈಕಲ್

ತಿಂಗಳು ಮುಗಿಯಲು ಎರಡು ದಿನ ಉಳಿದಿತ್ತು. ಕೆಲಸಗಾರ ಹೇಗೋ ಇನ್ನೊಂದಿಷ್ಟು ಕೊಟ್ಟ. ಕೊಟ್ಟು, ಶೀಶೆಯನ್ನು ಎದೆಗೆ ಒತ್ತಿ ಹಿಡಿದು ನಿಂತ.

“ಯಾರಿಗೂ ಕೊಡಲ್ಲ ಸ್ವಾಮಿ. ನಾನೇ ತಗೊಂಡು ಹೋಗ್ತೀನಿ.”

ನನಗೂ ಸರಿ ಎನಿಸಿತು. ಮೇಲಧಿಕಾರಿಗೆ ಎನಿಸಲಿಲ್ಲ.

“ರೋಗಿ ತನ್ನದನ್ನ ತಾನೇ ಒಯ್ಯೋದಾ? ದಾರಿಯಲ್ಲಿ ಬೇರೆಯವರದ್ದು ತುಂಬಿಸಿದರೆ? ಜೊತೆಗೆ ಅರ್ಹ ವ್ಯಕ್ತಿ ಇರಲೇಬೇಕು.”

ಅರ್ಹ ವ್ಯಕ್ತಿ ಕ್ರಾಪು ಬಾಚಿ ಮುಗಿಸುವಷ್ಟರಲ್ಲಿ ಬಸ್ಸು ಹೋಗಿತ್ತು. ಮುಂದಿನ ಬಸ್ಸು ಮಧ್ಯಾಹ್ನದ ಮೇಲೆ. ಕೆಲಸಗಾರ ಸೈಕಲ್ ತಂದ. ಶೀಶೆಗೆ ಒದ್ದೆ ಬಟ್ಟೆ ಸುತ್ತಿ ಕೊರಳಿಗೆ ಕಟ್ಟಿಕೊಂಡ.

“ಹತ್ತಿ ಮಾರಾಯ್ರೆ, ಹೊತ್ತಾಯ್ತು.”

ಎದೆಯ ರೋಗವಿದೆಯೋ ಇಲ್ಲವೋ ಎಂದು ಅನುಮಾನವಿದ್ದವನು ತುಳಿದ. ಅರ್ಹತೆ ಹಿಂದೆ ಕೂತಿತ್ತು. ಹನ್ನೆರಡು ಮೈಲಿ ಧೂಳು.

ದೊಡ್ಡ ಡಾಕ್ಟರು ಬಾಗಿಲಲ್ಲೇ ಇದ್ದರಂತೆ. ತುಳಿದವನು ಏದುಸಿರು ಕೂಡ ಬಿಡದೆ ಇಳಿದು ಶೀಶೆ ಕೊಟ್ಟ. ಹಿಂದೆ ಕೂತವರು ಕಂಬ ಹಿಡಿದು ಕೆಮ್ಮುತ್ತಿದ್ದರು.

“ತರೋ ರೀತಿ ಅಂದ್ರೆ ಇದು” ಎಂದು ಡಾಕ್ಟರು ತುಳಿದವನ ಬೆನ್ನು ತಟ್ಟಿದರು. ಆಮೇಲೆ ಕಂಬದ ಕಡೆ ನೋಡಿ ಅವನನ್ನೇ ಗದರಿಸಿದರು. “ಪಾಪ, ರೋಗೀನ ಈ ಬಿಸಿಲಲ್ಲಿ ಸೈಕಲ್ ಮೇಲೆ ಕರ್ಕೊಂಡು ಬಂದಿದೀಯಲ್ಲ, ಬುದ್ಧಿ ಬೇಡವಾ?”

“ಅವರು ರೋಗಿ ಅಲ್ಲ ಸ್ವಾಮಿ. ಅವರು ಅರ್ಹರು.”

ಮರುದಿನ ಕೆಲಸಗಾರನಿಗೆ ಸರ್ಟಿಫಿಕೇಟು ಸಿಕ್ಕಿತು. ಎದೆ ಶುದ್ಧ. ಕೆಲಸ ಕಾಯಂ. ಆ ವಾರವೇ ಹೆಣ್ಣು ಮಗು.

ಅದರ ಜೊತೆಯಲ್ಲೇ ಒಂದು ಚೀಟಿ ನನಗೆ: “ಜೊತೆಗೆ ಬಂದವರ ಕೆಮ್ಮು ಚೆನ್ನಾಗಿಲ್ಲ. ಅವರ ಕಫ ಕಳಿಸಿ.”

ಮೇಲಧಿಕಾರಿಯ ಮುಖ ಸಣ್ಣದಾಯಿತು. ಭಾವಮೈದ ಒಂದೇ ಉಸಿರಿನಲ್ಲಿ ಶೀಶೆ ಅರ್ಧ ತುಂಬಿಸಿದ. ಯಾರ ಕೈಗೆ ಕೊಡುವುದು?

ರಜೆಯ ದಿನ ಕೆಲಸಗಾರ ಸೈಕಲ್ ತೆಗೆದುಕೊಂಡು ತಾನಾಗಿ ಬಂದ. ಶೀಶೆ ಕೊರಳಿಗೆ ಕಟ್ಟಿಕೊಂಡ. ಮೇಲಧಿಕಾರಿ ಕಿಟಕಿಯಿಂದ ನೋಡಿ ನನ್ನನ್ನು ಕೇಳಿದರು:

“ರೀ, ಅವನಿಗೇನ್ರಿ ಅರ್ಹತೆ ಇದೆ?”

“ಸರ್ಟಿಫಿಕೇಟು ಇದೆ ಸಾರ್” ಎಂದೆ. “ನಮ್ಮಲ್ಲಿ ಸದ್ಯಕ್ಕೆ ಎದೆ ಶುದ್ಧ ಅಂತ ಸರ್ಟಿಫಿಕೇಟು ಇರೋದು ಅವನೊಬ್ಬನ ಹತ್ತಿರವೇ.”