ಯಾರೂ ಇಲ್ಲದ ಮನೆಯ ಅಕ್ಕ

ಅಕ್ಷತಾ, ಶರಣು, ನಿಮ್ಮ ಅಜ್ಜನಿಗೆ ಒಬ್ಬ ಅಕ್ಕ ಇದ್ದಳು ಅಂತ ನಾನು ಎಷ್ಟು ಸಲ ಹೇಳಿಲ್ಲ! ಅದೆಲ್ಲ ಸುಳ್ಳು. ಆಕೆ ಇರಲೇ ಇಲ್ಲ. ಇದು ನನ್ನ ಮಾತಲ್ಲ; ಬಣ್ಣದ ನಕ್ಷೆಗಳಿದ್ದ, ಇಂಗ್ಲಿಷಿನಲ್ಲಿ ಅಚ್ಚಾದ ದಪ್ಪ ವರದಿಯೊಂದರ ಮಾತು. ಊರ ಸಾಲಿಯಲ್ಲಿ ನಾಲ್ಕಕ್ಷರ ಕಲಿತ ನನ್ನಿಂದ ಅದಕ್ಕೆ ಎದುರಾಡಲಿಕ್ಕೆ ಆಗುತ್ತದೆಯೇ?

ಹೆಬ್ಬಳ್ಳಿ ಕಡೆಗೆ ನಮ್ಮ ಕರಿ ಮಣ್ಣಿನ ಎರಿ ಹೊಲ, ಹೊಲದ ದಿನ್ನೆಯ ಮೇಲೆ ಆಕೆಯ ಮನೆ. ಗಂಡ ಸತ್ತ ಮೇಲೆ ತವರಿಗೆ ಬಂದಾಕೆ ಊರೊಳಗಿನ ಮನೆಯಲ್ಲಿ ಯಾರ ಜೊತೆಗೂ ಹೊಂದಲಾರದೆ, ತನ್ನ ಎಮ್ಮೆಗಳನ್ನು ಹೊಡೆದುಕೊಂಡು ದಿನ್ನೆ ಹತ್ತಿದಳು. ಮತ್ತೆ ಇಳಿಯಲಿಲ್ಲ. ನಾವೆಲ್ಲ ಅಕ್ಕ ಅಂತಲೇ ಕರೆಯುತ್ತಿದ್ದೆವು. ಆಕೆ ಮಾತಿಗೆ ನಿಂತರೆ ಎಮ್ಮೆಗಳು ಮೆಲುಕು ಹಾಕುವುದನ್ನು ಬಿಟ್ಟು ಕೇಳುತ್ತಿದ್ದವು. ಅಂಥ ಬಾಯಿ! ಆದರೆ ಯಾರಾದರೂ ಅಂಗಳದಲ್ಲಿ ನಿಂತು ಕರೆದರೆ ಒಳಗಿನಿಂದ ಒಂದೇ ಉತ್ತರ: "ಮನ್ಯಾಗ ಯಾರೂ ಇಲ್ಲಾ!"

ಇದನ್ನು ಆಕೆ ಹೊಸದಾಗಿ ಹುಟ್ಟಿಸಲಿಲ್ಲ. ನಮ್ಮ ಕಾಲದ ಹೆಣ್ಣುಮಕ್ಕಳಿಗೆಲ್ಲ ಕಲಿಸಿದ್ದೇ ಇದು. ಗಂಡಸರು ಹೊರಗೆ ಹೋದಾಗ ಯಾರಾದರೂ ಬಂದು ಕೂಗಿದರೆ ಬಾಗಿಲ ಮರೆಯಿಂದ 'ಯಾರೂ ಇಲ್ರಿ' ಅನ್ನಬೇಕು. ಬಂದವರೂ ಅರ್ಥ ಮಾಡಿಕೊಂಡು ತಿರುಗಿ ಹೋಗುತ್ತಿದ್ದರು. ಒಲೆಯ ಮುಂದೆ ಅತ್ತೆ, ಸೊಸೆಯಂದಿರು ಸಾಲಾಗಿ ಕೂತು ರೊಟ್ಟಿ ಬಡಿಯುತ್ತಿದ್ದರೂ ಮನೆಯಲ್ಲಿ ಯಾರೂ ಇಲ್ಲ! ನಾವು ಮೆಲ್ಲಗೆ ಅನ್ನುತ್ತಿದ್ದುದನ್ನು ಅಕ್ಕ ನಗಾರಿ ಮಾಡಿಕೊಂಡು ಬಾರಿಸಿದಳು, ಅಷ್ಟೇ. ವೋಟು ಕೇಳುವವರಿಗೆ, ಪೋಲಿಯೊ ಹನಿಯವರಿಗೆ, ಕಡೆಗೆ ಸ್ವಂತ ತಮ್ಮನಿಗೂ.

"ಅಕ್ಕಾ, ನಾ ಬಂದೇನಿ," ಅನ್ನುತ್ತಿದ್ದರು ನಿಮ್ಮ ಅಜ್ಜ.

"ಯಾರೂ ಇಲ್ಲಾ!"

"ಯಾರೂ ಇಲ್ಲಂದ್ರ ಈಗ ಮಾತಾಡಿದಾಕಿ ಯಾರು?"

"ಆಕಿನೂ ಇಲ್ಲ. ರೊಟ್ಟಿ ಬೇಕಂದ್ರ ಒಳಗ ಬಾ."

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ಫ್ಯಾನಿನ ಕಂಪನಿ ಬಂತು. ಗಾಳಿಯಿಂದ ಕರೆಂಟು ಮಾಡುವ ಎತ್ತರದ ಕಂಬಗಳಿಗೆ ನಮ್ಮ ಕಡೆ ಫ್ಯಾನು ಅಂತಲೇ ಹೆಸರು. ಅವನ್ನು ನಿಲ್ಲಿಸಿದರೆ ಗಿಡಕ್ಕೆ, ಹಕ್ಕಿಗೆ, ಜನಕ್ಕೆ ಏನಾಗುತ್ತದೆಂದು ಮೊದಲೇ ತಪಾಸಣೆ ಮಾಡಿ ವರದಿ ಬರೆಯಬೇಕಂತೆ. ಛಲೋ ಪದ್ಧತಿ! ನನ್ನ ಮದುವೆಗೆ ಮುಂಚೆ ಯಾರಾದರೂ ಹೀಗೆ ಒಂದು ತಪಾಸಣೆ ಮಾಡಿದ್ದರೆ!

ಮೊದಲು ಹಕ್ಕಿಯವರು ಬಂದರು. ಅಕ್ಕನ ಮನೆಯ ಹಿಂದೆ ಹಳೆಯ ಹುಣಸೆ ಮರ. ಅದರ ಪೊಟರೆಯಲ್ಲಿ ಗೂಗೆ ಇತ್ತು. ಗೂಗೆ ಕೂತರೆ ಮನೆ ಪಾಳು ಬೀಳುತ್ತದೆ, ಓಡಿಸು ಅಂತ ಊರೆಲ್ಲ ಹೇಳಿದರೂ ಅಕ್ಕ ಓಡಿಸಿರಲಿಲ್ಲ. "ನನ್ನ ನೋಡಿ ಅದು ಹೆದರಬೇಕು, ನಾ ಯಾಕ ಹೆದರ್ಲಿ?" ಹಕ್ಕಿಯ ಹುಡುಗರು ದುರ್ಬೀನು ಹಿಡಿದು ಮರದ ಬುಡದಲ್ಲಿ ದಿನವೆಲ್ಲ ಕೂತರು. ಬಿಸಿಲಿಗೆ ಬಾಡಿದ ಅವರನ್ನು ನೋಡಲಾರದೆ ಅಕ್ಕ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕೊಟ್ಟಳು. ಉಂಡು ಕೈ ತೊಳೆಯುವಾಗ ಕೇಳಿದಳು:

"ನನ್ನ ಹೆಸರೂ ಬರಕೊಂಡ್ರಿಲ್ಲೊ?"

"ನಮ್ದು ಹಕ್ಕಿ ಅಷ್ಟರಿ ಅಜ್ಜಿ. ಮನಶ್ಯಾರನ್ನ ನೋಡಾವ್ರು ಬ್ಯಾರೆ ಬರ್ತಾರ."

ಬಂದ, ಮನುಷ್ಯರನ್ನು ನೋಡುವವನೂ ಬಂದ. ಆ ದಿನ ನಾನೂ ಅಲ್ಲೇ ಇದ್ದೆ, ಒಳಗೆ ಶೇಂಗಾ ಒಡೆಯುತ್ತ ಕೂತಿದ್ದೆ. ಬೇಲಿಯ ಹೊರಗೆ ಮೋಟರ್ ಸೈಕಲ್ ನಿಂತಿತು. ಗಾಡಿ ಬಂದ್ ಮಾಡಲಿಲ್ಲ, ಕೆಳಗೆ ಇಳಿಯಲಿಲ್ಲ. ಅಲ್ಲಿಂದಲೇ ಕೂಗಿದ:

"ಯಾರರ ಅದೀರೇನ್ರಿ ಮನ್ಯಾಗ?"

ಅಕ್ಕ ನನ್ನ ಕಡೆ ನೋಡಿ ಕಣ್ಣು ಹೊಡೆದಳು. "ಯಾರೂ ಇಲ್ಲಾ!"

ಆತ ಜೇಬಿಗೆ ಕೈ ಹಾಕಿದ. ಮೊಬೈಲಿನಲ್ಲಿ ಏನೋ ಒತ್ತಿದ. ಹೋದ.

ವಿಚಾರ ಮಾಡಿರಿ ಮಕ್ಕಳೇ. ಎಷ್ಟು ಓದಿದವನೋ, ಯಾವ ಪಟ್ಟಣದವನೋ! ಮನೆಯೊಳಗಿನಿಂದ ಮನುಷ್ಯರ ದನಿ ಬಂದು 'ಯಾರೂ ಇಲ್ಲ' ಅಂತ ಹೇಳಿತು, ಅದನ್ನು ಆತ ನಂಬಿದ! ವರದಿ ಬಂದಾಗ ನಿಮ್ಮ ಅಪ್ಪ ಓದಿ ಹೇಳಿದ. ಗೂಗೆಯ ಗೂಡಿಗೆ ಫೋಟೋ ಸಮೇತ ಒಂದು ಪುಟ. ಅದರ ಕೆಳಗಿನ ಮನೆಗೆ ಒಂದು ಸಾಲು: ಪಾಳು ಕೊಟ್ಟಿಗೆ, ಜನವಸತಿ ಇಲ್ಲ. ಜನ ಇದ್ದ ಮನೆಯಿಂದ ಫ್ಯಾನು ದೂರ ಇರಬೇಕು. ಪಾಳು ಕೊಟ್ಟಿಗೆಯಿಂದ ಯಾಕೆ ದೂರ? ಅಕ್ಕನ ಬೇಲಿಗೆ ಅಂಟಿಯೇ, ಪಕ್ಕದವರ ಹೊಲದಲ್ಲಿ ಕಲ್ಲು ನೆಟ್ಟು ಗುರುತು ಮಾಡಿದರು.

ಸಾಲಿಯ ಬಯಲಿನಲ್ಲಿ ಪೆಂಡಾಲು ಹಾಕಿ ಸಭೆ ಕರೆದರು. ಜನರ ಅಭಿಪ್ರಾಯ ಕೇಳುವ ಸಭೆಯಂತೆ. ಅಕ್ಕ ಇಳಕಲ್ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತಳು. ಕಂಪನಿಯ ಸಾಹೇಬರು ಮರ್ಯಾದಸ್ಥರು, ಪುಟ ತಿರುವಿ ನೋಡಿ ಹೇಳಿದರು: "ಅಮ್ಮಾ, ಆ ಮನ್ಯಾಗ ಯಾರೂ ಇಲ್ಲಂತ ಬರದಾರಲ್ರಿ."

"ಹಂಗಂತ ಹೇಳಿದಾಕೀನ ನಾನು!"

ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಸಾಹೇಬರೂ ನಕ್ಕರು. "ನೀವ ಇಲ್ಲ ಅಂದ ಮ್ಯಾಲ ನಾವೇನು ಮಾಡೂಣ್ರಿ? ನೀವು ಅಲ್ಲೇ ಇರ್ತೀರಿ ಅಂತ ಹೇಳಾವ್ರು ಯಾರರ ಅದಾರೇನು?"

ಊರ ಹಿರಿಯರೆಲ್ಲ ತಮ್ಮ ಚಪ್ಪಲಿ ನೋಡಿಕೊಂಡರು. ಕೆಲವರ ಹೊಲದಲ್ಲಿ ಫ್ಯಾನು ಬರುವುದಿತ್ತು. ಉಳಿದವರಿಗೆ ಬರಲಿ ಎಂಬ ಆಸೆ ಇತ್ತು. ಅಕ್ಕನ ಕೈಯ ಮಜ್ಜಿಗೆ ಕುಡಿಯದ ಗಂಟಲು ಅಲ್ಲಿ ಒಂದೂ ಇರಲಿಲ್ಲ. ಆದರೂ ಒಂದರಿಂದಲೂ ದನಿ ಹೊರಡಲಿಲ್ಲ. ಗಂಡಸರ ಮುಂದೆ ಎಂದೂ ಬಾಯಿ ತೆರೆಯದ ನಾನು ಹಿಂದಿನ ಸಾಲಿನಲ್ಲಿ ಎದ್ದು ನಿಂತೆ. ಸೆರಗು ಹಲ್ಲಿನಲ್ಲಿ ಕಚ್ಚಿಕೊಂಡೇ ಅಂದೆ: "ಇರ್ತಾರ್ರಿ. ಅವತ್ತ ನಾನೂ ಅಲ್ಲೇ ಇದ್ದೆ."

ಅಕ್ಕ ತಿರುಗಿ ನೋಡಿದಳು. "ಬರಕೋರಿ ಸಾಹೇಬ್ರ, ಅವತ್ತ ಮನ್ಯಾಗ ಇಬ್ರೂ ಇರಲಿಲ್ಲ!"

ಅದಕ್ಕೆ ಫಲ ಸಿಕ್ಕಿತು ಅನ್ನಿರಿ. ಮರು ತಪಾಸಣೆಗೆ ಒಬ್ಬ ಇಂಜಿನಿಯರು ಬಂದ. ಫ್ಯಾನು ಬರುವ ಮೊದಲು ಅಲ್ಲಿ ಎಷ್ಟು ಸದ್ದಿದೆ ಎಂದು ಅಳೆಯುವ ಯಂತ್ರವನ್ನು ಕಟ್ಟೆಯ ಮೇಲೆ ಇಟ್ಟ.

"ಅಜ್ಜಿ, ಸ್ವಲ್ಪ ಸುಮ್ಮನ ಕೂಡ್ರಿ."

ಸುಮ್ಮನೆ? ಇಲ್ಲ ಅಂದದ್ದಕ್ಕೇ ಇಷ್ಟು ಅನಾಹುತ ಆಗಿರುವಾಗ? ಇದ್ದೇನೆ ಅಂತ ತೋರಿಸಲು ಸಿಕ್ಕ ಒಂದು ದಿನವನ್ನು ಅಕ್ಕ ಬಿಡುವಳೇ! ಬೆಳಗಿನಿಂದ ಸಂಜೆವರೆಗೆ ಎಮ್ಮೆಗೆ ಬೈದಳು, ಕಂಪನಿಗೆ ಬೈದಳು, ಯಂತ್ರದ ಮೂತಿಗೆ ಬಾಯಿ ಹಚ್ಚಿ ತನ್ನ ಹೆಸರು, ಅಪ್ಪನ ಹೆಸರು, ಗಂಡನ ಮನೆತನದ ಚರಿತ್ರೆಯನ್ನೆಲ್ಲ ಹೇಳಿದಳು. ಯಂತ್ರ ಎಲ್ಲವನ್ನೂ ಕೇಳಿಸಿಕೊಂಡಿತು. ಹೊಸ ವರದಿ ಬಂತು: ಈ ಸ್ಥಳದಲ್ಲಿ ಮೊದಲೇ ಸದ್ದು ಬಹಳ, ಫ್ಯಾನಿನಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಾರದು.

ಬಾಯಿ ಮುಚ್ಚಿದರೆ ಇಲ್ಲ. ತೆರೆದರೆ ಬರೀ ಸದ್ದು. ಇದು ಫ್ಯಾನಿನವರು ಹೊಸದಾಗಿ ಕಂಡುಹಿಡಿದ ವಿದ್ಯೆಯಲ್ಲ ಅಕ್ಷತಾ. ನಮ್ಮ ಮನೆಗಳಲ್ಲಿ ಬಹಳ ಹಿಂದಿನಿಂದಲೂ ಇತ್ತು.

ಫ್ಯಾನು ನಿಂತಿತು. ಫ್ಯಾನೇ ಕೆಟ್ಟದ್ದೆಂದು ನಾನು ಬರೆಯುತ್ತಿಲ್ಲ. ನೀವು ಓದುವ ದೀಪಕ್ಕೆ ಎಲ್ಲಿಂದಲೋ ಕರೆಂಟು ಬರಲೇಬೇಕು. ಆ ಮನುಷ್ಯ ಗಾಡಿಯಿಂದ ಇಳಿದು ನಾಲ್ಕು ಹೆಜ್ಜೆ ಬಂದಿದ್ದರೆ ಅದೇ ಫ್ಯಾನು ಆಚೆಯ ದಿನ್ನೆಯ ಮೇಲೆ ನಿಲ್ಲುತ್ತಿತ್ತು, ಅಷ್ಟೇ. ಹಗಲೂ ರಾತ್ರಿ ತಲೆಯ ಮೇಲೆ ಯಾರೋ ಕೂತು ಜೋಳ ತೂರಿದಂತೆ ಸದ್ದು. ಮೊದಲು ಗೂಗೆ ಬಿಟ್ಟು ಹೋಯಿತು. "ಬಂದು ಬರಕೊಂಡು ಹೋಗ್ರಿ ಅನ್ನು, ಈಗ ಗೂಗಿನೂ ಇಲ್ಲಂತ," ಅಂದಳು ಅಕ್ಕ. ಆಮೇಲೆ ಎಮ್ಮೆಗಳು ಸರಿಯಾಗಿ ಹಾಲು ಕೊಡಲಿಲ್ಲ, ಮಾರಿದಳು. ಊರೊಳಗೆ ಬಾ ಅಂದೆ, ನಾನು ಧಾರವಾಡಕ್ಕೆ ನಿಮ್ಮಲ್ಲಿಗೆ ಬಂದ ಮೇಲೆ ಇಲ್ಲಿಗಾದರೂ ಬಾ ಅಂದೆ. "ನಾ ಬಂದ್ರ ಅವರು ಬರದದ್ದು ಖರೇ ಆಗತೈತಿ," ಅಂತ ಕದಲಲಿಲ್ಲ.

ಕಡೆಯ ಸಲ ಹೋದಾಗ ಇಳಿಹೊತ್ತು. ಫ್ಯಾನಿನ ರೆಕ್ಕೆಗಳ ನೆರಳು ಅಂಗಳ ದಾಟಿ, ಹೊಸ್ತಿಲು ದಾಟಿ ಒಳಗೆ ಬರುತ್ತಿತ್ತು, ಹೋಗುತ್ತಿತ್ತು. ಅಕ್ಕನ ಕಣ್ಣುಗಳು ಆಗಲೇ ಮಂಜಾಗಿದ್ದವು. ಬಾಗಿಲಿಗೆ ನೆರಳು ಬಿದ್ದರೆ ಯಾರೋ ಬಂದರು ಅಂತ ತಿಳಿಯುತ್ತಿದ್ದಳು. ಒಂದೊಂದು ನೆರಳಿಗೂ ಒಳಗಿನಿಂದ ಕೂಗು: "ಅದೀನಿ! ಬರ್ರಿ, ನಾ ಅದೀನಿ!"

ನನಗೆ ಮೊದಲು ನಗು ಬಂತು. ಆಮೇಲೆ ಅಂಗಳದಲ್ಲೇ ಕೂತುಬಿಟ್ಟೆ. ಎಷ್ಟೋ ಹೊತ್ತಿನ ಮೇಲೆ ಒಳಗೆ ಹೋಗಿ, ನೆರಳು ಬಾರದಂತೆ ಬಾಗಿಲಿಗೆ ಹಳೆಯ ಕೌದಿ ಕಟ್ಟಿದೆ.

ಅಕ್ಕ ತೀರಿಹೋದಳು. ಮನೆಗೆ ಬೀಗ. ವರದಿ ಈಗ ಖರೆಯಾಗಿದೆ.

ಹೋದ ವಾರ ನೀವೆಲ್ಲ ಹೊರಗೆ ಹೋದಾಗ ಯಾರೋ ಬಾಗಿಲು ಬಡಿದು, ಯಾರಿದ್ದೀರಿ ಅಂದರು. ನನ್ನ ಬಾಯಿಗೆ ರೂಢಿಯ ಮಾತೇ ಬಂತು, 'ಯಾರೂ' ಅಂತ ಅರ್ಧ ಅಂದೂ ಬಿಟ್ಟೆ. ತಡೆದುಕೊಂಡು, "ನಾ ಅದೀನ್ರಿ," ಅಂದೆ. ಅಂದದ್ದು ಜೋರಾಯಿತೋ ಏನೋ! ಕರೆಂಟಿನ ಮೀಟರು ನೋಡುವವನು ಗಾಬರಿಯಾಗಿ, "ಗೊತ್ತೈತ್ರಿ ಅಮ್ಮಾ, ಮೀಟರ್ ಓಡಾಕತ್ತೈತಿ," ಅಂದ.

ಈ ಹಾಳೆಗಳನ್ನು ಒದ್ದೆಯಾಗದ ಕಡೆ ಇಡಿರಿ. ಆ ದಪ್ಪ ವರದಿ ನಿಮ್ಮ ಅಪ್ಪನ ಕಪಾಟಿನಲ್ಲಿದೆ. ಅದರ ಮಗ್ಗುಲಿಗೇ ಇಟ್ಟರೆ ಇನ್ನೂ ಛಲೋ.